ಔರಾದ ಡಾಕ್ಟರರ ಕಾರಿನ ಮೂರನೇ ಸಿಲಿಂಡರ್

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆರನೆಯ ವರ್ಷ ನಡೆದಿತ್ತು. ಅಂದರೆ 1962. ನಾನು ಆಗ ಬೀದರ್ ಊರೊಳಗಿನ ಒಂದು ಮೋಟಾರ್ ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್. ಹೆಸರು ಮಾಣಿಕಪ್ಪ, ಊರು ಭಾಲ್ಕಿ, ಕಸುಬು ಕಲಿತದ್ದು ಹೈದರಾಬಾದಿನಲ್ಲಿ. ಕಚೇರಿಗಳ ಬೋರ್ಡು ಉರ್ದುವಿನಿಂದ ಕನ್ನಡಕ್ಕೆ ತಿರುಗಿದ್ದವು, ಸಾಹೇಬರು ಬೆಂಗಳೂರು ಕಡೆಯಿಂದ ಬರತೊಡಗಿದ್ದರು. ನಮ್ಮ ಗ್ಯಾರೇಜಿನೊಳಗೆ ಮಾತ್ರ ಸ್ಪ್ಯಾನರಿಗೆ ಪಾನಾ, ಸ್ಕ್ರೂಡ್ರೈವರಿಗೆ ಪೇಚಕಸ್ ಎನ್ನುವ ಹಳೆಯ ರಾಜ್ಯವೇ ಉಳಿದಿತ್ತು. ಯಾವ ಸರಕಾರ ಬಂದರೂ ಬೋಲ್ಟು ತಿರುಗುವುದು ಬಲಕ್ಕೇ ಎಂದು ನಾನು ಹೇಳುತ್ತಿದ್ದೆ. ಆಗ ನನಗೆ ಬಾಯಿ ಜೋರು.

ಆ ವರ್ಷದ ಚಳಿಗಾಲದಲ್ಲಿ ಒಂದು ವಿಚಿತ್ರ ಕಾರು ನಮ್ಮ ಬಾಗಿಲಿಗೆ ಬಂತು. ಆಮೆಯ ಬೆನ್ನಿನ ಆಕಾರ, ಜರ್ಮನ್ ಜಾತಿ, ಬೂದು ಬಣ್ಣ. ಅದನ್ನು ತಾವೇ ನಡೆಸಿಕೊಂಡು ಬಂದವರು ಔರಾದಿನ ಸರಕಾರಿ ದವಾಖಾನೆಯ ಹೊಸ ಡಾಕ್ಟರು ನಂಜುಂಡಯ್ಯ. ಮೈಸೂರು ಸೀಮೆಯವರು, ನಲವತ್ತರ ಆಸುಪಾಸು, ಬಿಳಿ ಅಂಗಿಗೆ ಇಸ್ತ್ರಿ ತಪ್ಪದು. ನಮ್ಮ ಲೇತ್ ಮೆಷಿನ್ನಿನ ಖಾದರ್‌ಮಿಯಾ ಹೋಗಿ ಮುಂದಿನ ಬಾನೆಟ್ ಎತ್ತಿ, ಒಳಗೆ ಬರೀ ಸ್ಟೆಪ್ನಿ ಟೈರು, ಪೆಟ್ರೋಲ್ ಟ್ಯಾಂಕು ನೋಡಿ, "ಅರೆ ಮಾಣಿಕಭಾಯಿ, ಇದರ ಎಂಜಿನ್ ಯಾರೋ ಕದ್ದಾರ ನೋಡ್ರಿ" ಎಂದ. ಡಾಕ್ಟರು ನಗುತ್ತಾ ಹಿಂದಿನ ಡಿಕ್ಕಿ ಎತ್ತಿ ತೋರಿಸಿದರು.

ಓದುವವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ಓಡುವಾಗ ಕೆಂಡದಂತೆ ಕಾಯುತ್ತದೆ. ಸಾಮಾನ್ಯ ಕಾರಿನಲ್ಲಿ ಅದನ್ನು ನೀರು ತಣ್ಣಗೆ ಇಡುತ್ತದೆ, ಮುಂದೆ ರೇಡಿಯೇಟರ್ ಇರುತ್ತದೆ. ಇದರಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಎಂಜಿನ್ ಹಿಂದೆ. ನಾಲ್ಕು ಸಿಲಿಂಡರುಗಳು ಆ ಕಡೆ ಎರಡು, ಈ ಕಡೆ ಎರಡು ಮಲಗಿರುತ್ತವೆ, ಅವುಗಳ ಮೈತುಂಬ ತೆಳುವಾದ ರೆಕ್ಕೆಗಳು. ಹಿಂದಿನ ಗಾಜಿನ ಕೆಳಗಿನ ಸೀಳುಗಳಿಂದ ಒಂದು ಫ್ಯಾನ್ ಗಾಳಿ ಎಳೆದು, ತಗಡಿನ ಗೂಡಿನೊಳಗಿಂದ ಆ ರೆಕ್ಕೆಗಳ ಮೇಲೆ ಊದುತ್ತದೆ. ಅದೇ ಗೂಡಿನಲ್ಲಿ ಎಂಜಿನ್ ಆಯಿಲನ್ನು ತಣಿಸುವ ಸಣ್ಣ ಕೂಲರ್ ನಿಂತಿರುತ್ತದೆ. ಅದರ ಹಿಂದಿರುವುದು ಮೂರನೇ ಸಿಲಿಂಡರ್. ಕೂಲರನ್ನು ಹಾಯ್ದು ಬಿಸಿಯಾದ ಗಾಳಿಯೇ ಪಾಪ ಅದರ ಪಾಲಿಗೆ. ದೊಡ್ಡ ಕುಟುಂಬದಲ್ಲಿ ಕೊನೆಗೆ ಉಣ್ಣುವ ಸೊಸೆಯ ಹಾಗೆ.

ಡಾಕ್ಟರರ ತೊಂದರೆ ಏನೆಂದರೆ, ಔರಾದ ಮತ್ತು ಕಮಲನಗರದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಬೀದರಿನ ದೊಡ್ಡ ದವಾಖಾನೆಗೆ ತರಬೇಕು. ಅವರ ಬಳಿ ಸರಕಾರಿ ಗಾಡಿ ಇರಲಿಲ್ಲ, ಸ್ವಂತದ ಈ ಕಾರೇ ಗತಿ. ಮಾಂಜ್ರಾ ನದಿ ದಾಟಿದ ಮೇಲೆ ಬೀದರಿಗೆ ಕೆಂಪು ಕಲ್ಲಿನ ಏರು ಇದೆ. ಹಿಂದಿನ ಸೀಟಿನಲ್ಲಿ ಬಸುರಿ, ಅವಳನ್ನು ಹಿಡಿದುಕೊಳ್ಳಲು ಇಬ್ಬರು ಹೆಂಗಸರು, ಮುಂದೆ ಗಂಡ. ಆ ಭಾರಕ್ಕೆ ಕಾರು ಏರಿನ ನಡುವೆ ಉಸಿರು ಬಿಡುತ್ತಿತ್ತು. ಒಮ್ಮೆ ಗಂಡಸರು ಇಳಿದು ದೂಡಿದ್ದರಂತೆ.

"ಎಂಜಿನ್ನನ್ನ ದೊಡ್ಡದು ಮಾಡೋಕಾಗತ್ತಾ ಮಾಣಿಕಪ್ಪನೋರೆ?" ಎಂದು ಕೇಳಿದರು.

"ಆಗ್ತದ್ರಿ. ಸಿಲಿಂಡರ್, ಪಿಸ್ಟನ್ ಅಗಲ ಇದ್ದಿದ್ದು ಹಾಕಬೇಕು. ಆದರ ಫ್ಯಾನ್ ಇದೇ ಇರ್ತದ. ಬೆಂಕಿ ಹೆಚ್ಚು, ಗಾಳಿ ಅಷ್ಟೇ. ಜರಾ ಹುಷಾರ್ ಇರಬೇಕಾಗ್ತದ" ಎಂದೆ.

"ಏರು ಹತ್ತಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆ ಕಾರಿನ ಮೂಲ ಸಿಲಿಂಡರಿನ ಬಾಯಿ ಎಪ್ಪತ್ತೇಳು ಮಿಲಿಮೀಟರ್, ನಾಲ್ಕೂ ಸೇರಿ 1192 ಸಿಸಿ. ಬಾಂಬೆಯ ಹಳೆ ಸಾಮಾನಿನ ಪೇಟೆಯಲ್ಲಿ ಎಂಬತ್ತಮೂರು ಮಿಲಿಮೀಟರಿನ ಒಂದು ಸೆಟ್ ಇದೆಯೆಂದು ಗೊತ್ತಾಗಿ ತರಿಸಿದೆವು. ಅದನ್ನು ಹಾಕಿದರೆ 1385 ಸಿಸಿ. ಹೇಳುವುದು ಸುಲಭ. ಅಗಲದ ಸಿಲಿಂಡರ್ ಕೂಡಲು ಎಂಜಿನ್ನಿನ ಕೇಸ್ ಮತ್ತು ಹೆಡ್ ಎರಡನ್ನೂ ಲೇತಿನಲ್ಲಿ ಕೊರೆಯಬೇಕು. ಕೂದಲೆಳೆ ಹೆಚ್ಚು ಕೊರೆದರೆ ಕೇಸ್ ಹೋಯಿತು, ಇನ್ನೊಂದು ಸಿಗುವುದಿಲ್ಲ. ಖಾದರ್‌ಮಿಯಾ ಬೀಡಿ ಬಿಟ್ಟು ಕೆಲಸ ಮಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ದೊಡ್ಡದು ಮಾಡಿ, ಟೈಮಿಂಗ್ ಹೊಂದಿಸಿ, ಎಂಜಿನ್ ಮೇಲೇರಿಸಿ ಸ್ಟಾರ್ಟ್ ಮಾಡಿದಾಗ ಅದರ ದನಿಯೇ ಬದಲಾಗಿತ್ತು. ಮೊದಲು ಹೊಲಿಗೆ ಮೆಷಿನ್ನಿನಂತೆ ಟಕಟಕ ಎನ್ನುತ್ತಿತ್ತು, ಈಗ ಎದೆಯಿಂದ ಬರುವ ದನಿ. ಐದು ಜನರನ್ನು ಕೂಡಿಸಿಕೊಂಡು ಮಾಂಜ್ರಾ ಏರಿಗೆ ಹೋದೆವು. ಗೇರ್ ಬದಲಿಸದೆ ಹತ್ತಿತು. ನಾನು ಮೇಲೆ ನಿಂತು ಮೀಸೆ ತಿರುವಿದ್ದು ನಿಜ. ಇಡೀ ಜಿಲ್ಲೆಯಲ್ಲಿ ಅಂಥ ಎಂಜಿನ್ ಇನ್ನೊಂದಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿದೆ.

ಮರು ಬೇಸಿಗೆಯ ಹೊತ್ತಿಗೆ ಡಾಕ್ಟರರ ಕಾರು ಆ ಸೀಮೆಯಲ್ಲಿ ಹೆಸರುವಾಸಿಯಾಯಿತು. ಕಛುವಾ ಗಾಡಿ, ಅಂದರೆ ಆಮೆ ಗಾಡಿ, ಬಂತೆಂದರೆ ಬಸುರಿ ಹೆತ್ತೇ ಬರ್ತಾಳೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಎಷ್ಟೋ ತಾಯಂದಿರು ಅದರಲ್ಲಿ ಬಂದು ಕೂಸು ಎತ್ತಿಕೊಂಡು ಮನೆಗೆ ಹೋದರು. ಸರ್ವಿಸಿಗೆ ಬಂದಾಗಲೆಲ್ಲ ಡಾಕ್ಟರು ಕಾರನ್ನು ತೊಳೆಸಿ ಫಳಫಳ ಹೊಳೆಯುವಂತೆ ತರುತ್ತಿದ್ದರು. ಮೈಸೂರಿನವರ ಮರ್ಯಾದೆ! ಗ್ಯಾರೇಜಿಗೂ ಸ್ನಾನ ಮಾಡಿಸಿಯೇ ತರುವುದೇ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಒಂದು ಸಲ ಬಂದಾಗ ಅವರು ಹೇಳಿದರು, "ಏರು ಹತ್ತುವಾಗ ಒಂದು ವಾಸನೆ ಬರತ್ತೆ ಕಣ್ರೀ. ಅರಿಶಿನದ ವಾಸನೆ. ಮದುವೆ ಮನೆಯ ಹಾಗೆ."

ನಾನು ಆಯಿಲ್ ನೋಡಿದೆ, ಪ್ಲಗ್ ನೋಡಿದೆ, ಸರಿಯಿತ್ತು. ವಾಲ್ವಿನ ಸಂದುಗಳನ್ನು ಅಳೆದೆ. ಉಳಿದ ಮೂರು ಸಿಲಿಂಡರುಗಳದು ಸರಿಯಿದ್ದು, ಮೂರನೇ ಸಿಲಿಂಡರಿನ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ಸಂದು ಮಾತ್ರ ಬಿಗಿಯಾಗಿತ್ತು. ಸಂದು ಬಿಗಿಯಾದರೆ ವಾಲ್ವ್ ಕಾಯ್ದು ಹಿಗ್ಗುತ್ತಿದೆ ಎಂದರ್ಥ. ಸರಿ ಮಾಡಿ ಕಳಿಸಿದೆ. ಮುಂದಿನ ಸಲ ಬಂದಾಗ ಮತ್ತೆ ಅದೇ ಬಿಗಿತ, ಅದೇ ವಾಸನೆಯ ಮಾತು. ಆ ದಿನ ನಾನೇ ಏರಿಗೆ ಓಡಿಸಿದೆ. ನಡು ಏರಿಗೆ ಬಂದಾಗ ನನಗೂ ಬಂತು. ಹಸಿ ಅರಿಶಿನವಲ್ಲ, ಸುಟ್ಟ ಅರಿಶಿನ. ಬಟಾಬಯಲು, ಒಂದು ಮನೆಯಿಲ್ಲ, ಒಂದು ಒಲೆಯಿಲ್ಲ. ನಟ್ಟ ನಡು ಹಗಲಿನಲ್ಲಿ ನಾನು ತಿರುಗಿ ಹಿಂದಿನ ಸೀಟನ್ನು ನೋಡಿದೆ. ಖಾದರ್‌ಮಿಯಾನಿಗೆ ಹೇಳಿದರೆ, "ಎಷ್ಟೋ ಬಾಣಂತೇರು ಕೂತ ಗಾಡಿ ಭಾಯಿ, ಯಾವಾಕಿನೋ ಇಳಿದೇ ಇಲ್ಲ" ಎಂದು ಕಿವಿ ಮುಟ್ಟಿಕೊಂಡ. ನಾನು ಅವನನ್ನು ಬೈದೆ. ಆದರೆ ಆಮೇಲೆ ಆ ಕಾರಿನ ಹಿಂದಿನ ಸೀಟಿನ ಕಡೆ ಬೆನ್ನು ಹಾಕಿ ಕೂರಲು ನನಗೆ ಆಗುತ್ತಿರಲಿಲ್ಲ.

ದೆವ್ವವೋ ಭೂತವೋ, ಮೆಕ್ಯಾನಿಕ್ಕಾದವನು ಬಿಚ್ಚಿಯೇ ನೋಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಹೊರಗೆ ಹೊರಗೇ ತಡವಿದರೆ ಪ್ರಯೋಜನವಿಲ್ಲ. "ಎಂಜಿನ್ ಇಳಿಸಿ ಗೂಡು ತೆಗೀತೇನಿ, ಗಾಡಿ ಒಂದು ವಾರ ಬಿಟ್ಟು ಹೋಗ್ರಿ" ಎಂದೆ.

ಡಾಕ್ಟರು ತಲೆಯಾಡಿಸಿದರು. "ಇಬ್ಬರಿಗೆ ದಿನ ತುಂಬಿದೆ. ಒಬ್ಬಳದು ಕೂಸು ಅಡ್ಡ ತಿರುಗಿದೆ. ಅವರಿಬ್ಬರದು ಮುಗೀಲಿ, ತಂದು ಬಿಡ್ತೀನಿ."

ಸಂದು ಸರಿ ಮಾಡಿ ಕೊಟ್ಟೆ.

ಕೂಸು ಅಡ್ಡ ತಿರುಗಿದ್ದವಳು ಬೀರವ್ವನ ಕಿರಿಸೊಸೆ. ಬೀರವ್ವ ಕಮಲನಗರದ ಆಚೆಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆತನ. ಅವಳ ಹಿರಿಸೊಸೆಯೂ ಇದೇ ಕಾರಿನಲ್ಲಿ ಬಂದು ಗಂಡು ಹೆತ್ತು ಹೋಗಿದ್ದಳು. ಹಾಗಾಗಿ ಈ ಸಲವೂ ಬೀರವ್ವ ಹೆದರಿರಲಿಲ್ಲವಂತೆ. ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಾಡಿ ಅದ, ಮನಿದೇವರು ಮಲ್ಲಣ್ಣ ಅದಾನ, ಏನೂ ಆಗಲ್ಲ ಬಿಡು ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದಳು.

ಏರಿನ ಮುಕ್ಕಾಲು ಭಾಗದಲ್ಲಿ ಎಂಜಿನ್ ಒಳಗೆ ಸುತ್ತಿಗೆ ಬಡಿದಂತಾಗಿ ನಿಂತುಹೋಯಿತು. ಬಿಸಿಲು ನೆತ್ತಿಯ ಮೇಲಿತ್ತು. ಡಾಕ್ಟರು ರಸ್ತೆಯಲ್ಲಿ ಓಡಿಹೋಗಿ ಒಂದು ಎತ್ತಿನ ಗಾಡಿ ತಂದು ಅವಳನ್ನು ಮಲಗಿಸಿದರು. ದವಾಖಾನೆ ಮುಟ್ಟುವುದರೊಳಗೆ ತಾಯಿಯೂ ಹೋದಳು, ಕೂಸೂ ಹೋಯಿತು. ಇನ್ನೇನು ಬಂದೇಬಿಟ್ಟೆವು ಎನ್ನುವಷ್ಟು ಹತ್ತಿರದಲ್ಲಿ! ಸಂಜೆ ಡಾಕ್ಟರು ನಡೆದುಕೊಂಡು ಗ್ಯಾರೇಜಿಗೆ ಬಂದು ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಬಿಳಿ ಅಂಗಿಯ ಮೇಲೆ ಏನಿತ್ತೆಂದು ನಾನು ಬರೆಯುವುದಿಲ್ಲ. "ಎಂಜಿನ್ ದೊಡ್ಡದು ಮಾಡಿ ಅಂದವನು ನಾನು" ಎಂದಷ್ಟೇ ಹೇಳಿ ಹೋದರು.

ಮರುದಿನ ಲಾರಿಗೆ ಹಗ್ಗ ಕಟ್ಟಿ ಕಾರನ್ನು ಎಳೆದು ತಂದೆವು. ಊರು ಆಗಲೇ ಮಾತಾಡಿಕೊಳ್ಳುತ್ತಿತ್ತು. ಮಾಣಿಕಪ್ಪನ ದೊಡ್ಡ ಎಂಜಿನ್ ಹೆಣ ಬೀಳಿಸ್ತಂತ. ರಿಪೇರಿಗೆ ಬಿಟ್ಟಿದ್ದ ಜೀಪೊಂದನ್ನು ಅದರ ಧಣಿ ಬಂದು ಬಿಚ್ಚಿದ ಸ್ಥಿತಿಯಲ್ಲೇ ಒಯ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಎಂಬತ್ತಮೂರು ಮಿಲಿಮೀಟರಿನ ಪಿಸ್ಟನ್ನಿಗೆ ಹೋಯಿತು ಎಂದುಕೊಂಡೆ. ಅಳು ಬಂತು. ಅತ್ತೂಬಿಟ್ಟೆ.

ಎಂಜಿನ್ ಇಳಿಸಿದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ತಲೆ ಮುರಿದು ಬಿದ್ದು ಪಿಸ್ಟನ್ನಿಗೆ ತೂತು ಹಾಕಿತ್ತು. ಅದು ನಾನು ಎಣಿಸಿದ್ದೇ. ಆದರೆ ಫ್ಯಾನಿನ ಗೂಡಿನ ತಗಡು ಎತ್ತಿದಾಗ ಖಾದರ್‌ಮಿಯಾ "ಯಾ ಅಲ್ಲಾ" ಎಂದು ಹಿಂದೆ ಸರಿದ. ಆಯಿಲ್ ಕೂಲರಿನ ಸಂದುಗೊಂದಿಗಳೆಲ್ಲ ಹಳದಿ. ಮೂರನೇ ಸಿಲಿಂಡರಿನ ರೆಕ್ಕೆಗಳ ನಡುವೆ ಹಳದಿ. ಜಿನುಗಿದ ಆಯಿಲಿನಲ್ಲಿ ಕಲೆಸಿ, ಕಾವಿಗೆ ಬೆಂದು, ಹೋಳಿಗೆಯ ಹೂರಣದಂತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿದೆ. ಅರಿಶಿನ. ಗಾಳಿ ಹಾಯಲು ಒಂದು ಸೂಜಿಯಷ್ಟು ಜಾಗವೂ ಉಳಿದಿರಲಿಲ್ಲ. ಇವತ್ತಿಗೂ ಮನೆಯಲ್ಲಿ ಒಗ್ಗರಣೆಗೆ ಅರಿಶಿನ ಬಿದ್ದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಇಷ್ಟು ವರ್ಷವಾದರೂ ಹೆಂಡತಿಗೆ ಕಾರಣ ಹೇಳಿಲ್ಲ.

ಡಾಕ್ಟರನ್ನು ಕರೆಸಿ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ಮೂಸಿದರು. ಆಮೇಲೆ ಅಲ್ಲೇ ಬಿದ್ದಿದ್ದ ಒಂದು ಟೈರಿನ ಮೇಲೆ ಕುಳಿತುಬಿಟ್ಟರು.

"ನಾನೇ ತೋರಿಸಿದ್ದು ಕಣ್ರೀ" ಎಂದರು.

ಸಂಗತಿ ಹೀಗಿತ್ತು. ಆ ಕಡೆಯ ಕುರಿಗಾರರು ಮೈಲಾರ ಮಲ್ಲಣ್ಣನ ಒಕ್ಕಲು. ಒಳ್ಳೆಯದಾದರೆ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಮುಷ್ಟಿ ತುಂಬಿ ತೂರುತ್ತಾರೆ. ಕುರಿಗೆ, ಬಂಡಿಗೆ, ಮದುಮಕ್ಕಳಿಗೆ, ಯಾರಿಗಾದರೂ ಸರಿ. ಹಿರಿಸೊಸೆ ಹೆತ್ತು ಮನೆಗೆ ಬಂದ ದಿನ ಬೀರವ್ವ ಕಾರಿಗೆ ಭಂಡಾರ ಹಾಕಲು ಬಂದಿದ್ದಳು. ಬೇರೆ ಮೋಟಾರುಗಳಿಗೆ ಮುಂದೆ ಹಾಕುವುದು ರೂಢಿ. ಆದರೆ ಆಕೆ ತಿಳಿದವಳು, ಕೇಳಿಯೇ ಹಾಕಬೇಕೆಂದು, "ಸಾಹೇಬ್ರ, ಇದರ ಜೀವ ಎಲ್ಲದರಿ?" ಎಂದಳು. ಡಾಕ್ಟರು ಖುಷಿಯಿಂದ, "ಇದರ ಜೀವ ಹಿಂದುಗಡೆ ಇದೆ ಕಣಮ್ಮ" ಎಂದು ಗಾಜಿನ ಕೆಳಗಿನ ಸೀಳುಗಳನ್ನು ತೋರಿಸಿದರು. ಎಂಜಿನ್ ಚಾಲೂ ಇತ್ತು. "ಏಳುಕೋಟಿ ಏಳುಕೋಟಿಗೋ" ಎಂದು ದೇವರ ಜಯಕಾರ ಹಾಕಿ ಆಕೆ ತೂರಿದ ಭಂಡಾರವನ್ನು ಆ ಫ್ಯಾನ್ ಒಳಕ್ಕೆ ಎಳೆದುಕೊಂಡಿತು. ಗಾಡಿ ಪ್ರಸಾದ ತಿಂತು ಎಂದು ಹಟ್ಟಿಗೆ ಹಟ್ಟಿಯೇ ಕೈ ಮುಗಿಯಿತಂತೆ. ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರ ಮನೆಯ ಹೆಣ್ಣುಮಗಳು ಸುಖವಾಗಿ ಬಂದರೂ ಗಾಡಿಗೆ ಭಂಡಾರ ಉಣಿಸಬೇಕು. ಹೊರಮೈಯ ಹಳದಿಯನ್ನೆಲ್ಲ ತೊಳೆಸಿದರೆ ಆಯಿತು, ಒಳಗೇನೂ ಉಳಿಯದು ಎಂದುಕೊಂಡೇ ಡಾಕ್ಟರು ಕಾರನ್ನು ನಮ್ಮಲ್ಲಿಗೆ ತರುತ್ತಿದ್ದರು.

"ಸಣ್ಣ ಎಂಜಿನ್ ಇದ್ದಿದ್ರೆ ತಡ್ಕೊಳ್ತಿತ್ತಾ?" ಎಂದು ಕೇಳಿದರು.

ಸುಳ್ಳು ಹೇಳಬಾರದಿತ್ತು, ಹೇಳಲಿಲ್ಲ. "ಇನ್ನೂ ಕೆಲ ದಿನ ತಡೀತಿತ್ತೇನೋ. ಆದರ ಏರು ಹತ್ತತಿರಲಿಲ್ಲ" ಎಂದೆ.

ನಮ್ಮಿಬ್ಬರಿಗೂ ಒಂದೇ ಯೋಚನೆ ಬಂತು. ಈ ಹಳದಿ ಗಟ್ಟಿಯನ್ನು ಪೇಟೆಯಲ್ಲಿ ಹಿಡಿದು ತೋರಿಸಿದರೆ ನನ್ನ ಹೆಸರು ಉಳಿಯುತ್ತದೆ. ದೊಡ್ಡ ಎಂಜಿನ್ ಕೇಳಿದ ಡಾಕ್ಟರರ ಎದೆಯ ಭಾರವೂ ಒಂದಿಷ್ಟು ಇಳಿಯುತ್ತದೆ. ಆದರೆ ಮಾತು ಕಮಲನಗರದ ಸಂತೆ ಮುಟ್ಟಲು ಎಷ್ಟು ಹೊತ್ತು? ಸಂತೆಯಿಂದ ಹಟ್ಟಿಗೆ ಎಷ್ಟು ಹೊತ್ತು? ನೀನು ಕೈಯಾರೆ ಹಾಕಿದ ಭಂಡಾರವೇ ನಿನ್ನ ಸೊಸೆಯನ್ನು ಕೊಂದಿತು ಎಂದು ಆ ಮುದುಕಿಗೆ ಯಾರು ಹೇಳಬೇಕು? ಖಾದರ್‌ಮಿಯಾ ಆ ಗಟ್ಟಿಯನ್ನೆಲ್ಲ ಕೆರೆದು, ಕಾಗದದಲ್ಲಿ ಕಟ್ಟಿ, ಹಿಂದಿನ ಬೇವಿನ ಮರದ ಬುಡದಲ್ಲಿ ಹೂಳಿ ಬಂದ. "ದೇವರದ್ದು, ಗಟಾರಕ್ಕ ಒಗೀಬಾರದು" ಎಂದ. ಯಾರಿಗೂ ಹೇಳಬಾರದೆಂದು ಮೂವರೂ ಒಪ್ಪಿದೆವು.

ಪಿಸ್ಟನ್, ವಾಲ್ವು ಬದಲಿಸಿ ಅದೇ ದೊಡ್ಡ ಎಂಜಿನ್ನನ್ನು ಮತ್ತೆ ಕಟ್ಟಿದೆ. ಚಿಕ್ಕದಕ್ಕೆ ಇಳಿಸಲೇ ಎಂದು ಕೇಳಿದ್ದೆ. ಏರು ಹಾಗೇ ಇದೆಯಲ್ಲ ಎಂದರು ಡಾಕ್ಟರು. ಸೀಳುಗಳ ಒಳಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕೂಡಿಸಿದೆ. ಆದರೆ ಜಾಲರಿ ಧೂಳು ತಡೆಯುತ್ತದೆ, ಹಿಟ್ಟಿನಂಥ ಪುಡಿಯನ್ನು ತಡೆಯುವುದಿಲ್ಲ. ಗಾಳಿ ಬೇಕೇ ಬೇಕಲ್ಲ. ಅದಕ್ಕೆ ಮನುಷ್ಯರನ್ನೇ ತಡೆಯಬೇಕು. ಅದನ್ನು ಹೇಗೆ ಮಾಡುವುದೆಂದು ನಾವು ಮಾತಾಡುತ್ತಿರುವಾಗಲೇ, ಕಾರು ಒಯ್ಯುವ ದಿನ, ಬೀರವ್ವ ತಾನಾಗಿ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು.

ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಎತ್ತರದ ಹೆಂಗಸು, ಹೆಗಲ ಮೇಲೆ ಕರಿ ಕಂಬಳಿ, ಕಣ್ಣಲ್ಲಿ ನೀರಿಲ್ಲ. ಸೊಂಟದಿಂದ ಭಂಡಾರದ ಚೀಲ ಬಿಚ್ಚಿದಳು.

"ಗಾಡಿ ನೆಟ್ಟಗಾಗ್ಯದಂತ ಕೇಳಿದೆರಿ. ನಂದಂತೂ ಹೋಯ್ತು. ಮತ್ತೊಬ್ಬರ ಮನಿ ಸೊಸಿಗಿ ಹಿಂಗ ಆಗಬಾರದು. ಭಂಡಾರ ಹಾಕಿ ಹೋಗ್ತೇನಿ" ಎಂದಳು.

ಡಾಕ್ಟರು ಆಗಲೇ ಎಂಜಿನ್ ಚಾಲೂ ಮಾಡಿದ್ದರು. ಆಕೆ ನೆಟ್ಟಗೆ ಕಾರಿನ ಹಿಂದಕ್ಕೆ ನಡೆದಳು. ಡಾಕ್ಟರು ಕೀಲಿ ತಿರುವಿ ಎಂಜಿನ್ ನಿಲ್ಲಿಸಿದರು. ಖಾದರ್‌ಮಿಯಾ ನನ್ನನ್ನು ನೋಡಿದ. ಹಾಕಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ ಆಕೆ ಬದುಕುವುದು ಹೇಗೆ? ನನ್ನ ಬಾಯಿ ಜೋರೆಂದು ಆಗಲೇ ಹೇಳಿದೆನಲ್ಲ. ಅದು ತಾನೇ ಓಡಿತು.

"ಯವ್ವಾ, ಅಲ್ಲಿ ಬ್ಯಾಡ. ಇದರ ಜೀವ ಮುಂದ ಅದ. ಭಂಡಾರ ಮುಂದ ಹಾಕ್ರಿ."

ಕೈ ಎತ್ತಿದವಳು ನಿಂತಳು. ನನ್ನ ಕಡೆ ತಿರುಗಿದಳು. ಬಹಳ ಜಾಣ ಮಾತು ಆಡಿದೆನೆಂದು ನನಗೆ ಒಂದು ಗಳಿಗೆ ಸಮಾಧಾನವೂ ಆಯಿತು. ಆಕೆ ಮೆಲ್ಲಗೆ ಕೇಳಿದಳು.

"ಮುಂದ ಅದನು? ಹಂಗಾದ್ರ ಇಷ್ಟು ದಿನ ನಾ ತಪ್ಪು ಕಡಿ ಹಾಕೀನೇನ್ರಿ? ಅದಕ್ಕೇ ಮಲ್ಲಣ್ಣ ಸಿಟ್ಟಾಗಿ ನನ್ನ ಸೊಸಿನ್ನ ಒಯ್ದನು?"

ಇಲ್ಲ ಎಂದೆ. ಇಲ್ಲವ್ವಾ, ಹಂಗೇನಿಲ್ಲ, ಅದು ಬೇರೆ ಕಾರಣ ಎಂದೆ. ಬೇರೆ ಯಾವ ಕಾರಣ ಎಂದು ಆಕೆ ಕೇಳಲಿಲ್ಲ. ಡಾಕ್ಟರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಕೆ ಕಾರಿನ ಮುಂದಕ್ಕೆ ಹೋದಳು, ಸ್ಟೆಪ್ನಿ ಟೈರು, ಪೆಟ್ರೋಲ್ ಟ್ಯಾಂಕು ಬಿಟ್ಟು ಬೇರೇನೂ ಇಲ್ಲದ ಆ ಬಾನೆಟ್ಟಿನ ಮೇಲೆ ಚೀಲವನ್ನೆಲ್ಲ ಬರಿದು ಮಾಡಿದಳು. ತಪ್ಪಾಯ್ತು ನಮ್ಮಪ್ಪಾ, ಗೊತ್ತಿರಲಿಲ್ಲ, ತಪ್ಪಾಯ್ತು ಎಂದು ತಗಡಿಗೆ ಹಣೆ ಹಚ್ಚಿ ಗಲ್ಲ ಗಲ್ಲ ಬಡಿದುಕೊಂಡಳು.

ಡಾಕ್ಟರು ಔರಾದಿನಲ್ಲಿ ಇರುವವರೆಗೂ ಆ ಸೀಮೆಯವರೆಲ್ಲ ಭಂಡಾರವನ್ನು ಮುಂದೆಯೇ ಹಾಕಿದರು. ಬೀರವ್ವನೇ ಹಟ್ಟಿ ಹಟ್ಟಿ ತಿರುಗಿ ಹೇಳಿದ್ದಳಂತೆ, ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ಎಂದು. ಮೂರನೇ ಸಿಲಿಂಡರಿನ ವಾಲ್ವಿನ ಸಂದು ಮತ್ತೆ ಬಿಗಿಯಾಗಲಿಲ್ಲ, ಕಾರು ಒಮ್ಮೆಯೂ ಏರಿನಲ್ಲಿ ನಿಲ್ಲಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಕೆಲಸದ ಲೆಕ್ಕದಲ್ಲಿ ಅದು ನಾನು ಮಾಡಿದ ಅತ್ಯುತ್ತಮ ರಿಪೇರಿ.

ಮುಂದೆ ಸಾಕಷ್ಟು ಎಂಜಿನ್‌ಗಳನ್ನು ದೊಡ್ಡದು ಮಾಡಿದೆ, ಹುಡುಗರಿಗೆ ಕಲಿಸಿದೆ. ಗಾಡಿ ಬಂದಾಗ ಅದನ್ನು ನಡೆಸುವವನನ್ನಷ್ಟೇ ಅಲ್ಲ, ಅದಕ್ಕೆ ಯಾರು ಯಾರು ಕೈ ಹಚ್ಚುತ್ತಾರೆ, ಯಾರು ಅದನ್ನು ಪ್ರೀತಿ ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದೂ ಕೇಳಬೇಕೆಂದು ಕಲಿಸಿದೆ. ಕಸುಬು ನನಗೆ ಕಲಿಸಿದ ಪಾಠ ಅದು, ಒಳ್ಳೆಯ ಪಾಠವೇ. ಆದರೆ ನಿಜ ಹೇಳಿದ್ದರೆ ಆಕೆ ಏನಾಗುತ್ತಿದ್ದಳೋ ನನಗೆ ಗೊತ್ತಿಲ್ಲ, ಸುಳ್ಳು ಹೇಳಿದ್ದಕ್ಕೆ ಏನಾದಳೆಂದು ಗೊತ್ತು. ನಾವು ಮೂವರೂ ಬಾಯಿ ಕಟ್ಟಿಕೊಂಡು ಮುಚ್ಚಿಟ್ಟದ್ದು, ಸೊಸೆ ಹೋದದ್ದು ಆಕೆಯ ಕೈ ತಪ್ಪಿನಿಂದ ಎಂಬ ಒಂದೇ ಒಂದು ಮಾತನ್ನು. ಆ ಮುದುಕಿ ಅದನ್ನೇ ಸಾಯುವ ತನಕ ಊರೂರಿಗೆ ಹೇಳಿಕೊಂಡು ತಿರುಗಿದಳು.